ಕೊನೆಯ ಸೈಕಲ್ಲಿನ ಜಾಗ: ಬಸವನಗುಡಿಯಿಂದ ಮದ್ದೂರಿಗೆ ಒಂದು ದಿನ

ಬೆಂಗಳೂರಿನಿಂದ ಮೈಸೂರಿಗೆ ಸೈಕಲ್ ತುಳಿದುಕೊಂಡು ಹೋಗುತ್ತೇವೆ ಎಂದರೆ ಈಗ ಎಲ್ಲರೂ ಮೊದಲು ಕೇಳುವುದು ಯಾವ ರಸ್ತೆಯಲ್ಲಿ ಎಂದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥಗಳ ಹೆದ್ದಾರಿಯ ನಡುವಿನ ಆರು ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲ. ಉಳಿಯುವುದು ಇಕ್ಕೆಲದ ಸರ್ವಿಸ್ ರಸ್ತೆ ಮತ್ತು ಊರುಗಳ ಒಳಗಿನಿಂದ ಹಾದುಹೋಗುವ ಹಳೆಯ ಮೈಸೂರು ರಸ್ತೆ. ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬೈಪಾಸಿನಲ್ಲಿ ಬಳಸಿಕೊಂಡು ಹೋಗುವುದರಿಂದ, ಒಂದು ಕಾಲಕ್ಕೆ ಸೈಕಲ್ಲಿನವರು ಜೀವ ಕೈಯಲ್ಲಿ ಹಿಡಿದು ಸಾಗಬೇಕಾಗಿದ್ದ ಹಳೆಯ ರಸ್ತೆಯ ಮೇಲೆ ದೂರದೂರಿನ ಬಸ್ಸು, ಕಾರು, ಲಾರಿಗಳ ಒತ್ತಡ ಸಾಕಷ್ಟು ತಗ್ಗಿದೆ. ವಿದ್ಯಾರ್ಥಿಗಳನ್ನು ಈ ದಾರಿಯಲ್ಲಿ ಕರೆದೊಯ್ಯಲು ಇದು ಒಳ್ಳೆಯ ಕಾಲವೆಂದು ನಾನು ದೃಢವಾಗಿ ನಂಬಿದ್ದೇನೆ.

ನಾನು ದಕ್ಷಿಣ ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಪ್ರಥಮ ಪಿಯುಸಿಯ 22 ವಿದ್ಯಾರ್ಥಿಗಳು, ನಾವು ನಾಲ್ವರು ದೊಡ್ಡವರು, ಸಾಮಾನು ಹೊತ್ತ ಒಂದು ಸಣ್ಣ ಟೆಂಪೊ, ಅದರಲ್ಲಿ ಒಬ್ಬ ಸೈಕಲ್ ಮೆಕ್ಯಾನಿಕ್: ಇಷ್ಟು ಮಂದಿಯ ತಂಡ ಡಿಸೆಂಬರ್ ತಿಂಗಳಿನಲ್ಲಿ ಮೂರು ದಿನಗಳ ಪ್ರವಾಸಕ್ಕೆ ಹೊರಟಿತು. ಮೊದಲ ದಿನದ ಗುರಿ ಮದ್ದೂರು. ಬಸವನಗುಡಿಯಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರ್. ಈ ಬರಹ ಆ ಒಂದು ದಿನದ್ದು. ಅಂದು ಬೆಳಗಿನಿಂದ ಸಂಜೆಯವರೆಗೆ ನಾನು ಸವಾರಿ ಮಾಡಿದ್ದು ಸಾಲಿನ ಕಟ್ಟಕಡೆಯಲ್ಲಿ. ಮೇಷ್ಟರು ಇರಬೇಕಾದ ಜಾಗ ಅದೇ ಎಂಬ ನನ್ನ ಅಭಿಪ್ರಾಯಕ್ಕೆ ಕಾರಣಗಳನ್ನು ದಾರಿಯುದ್ದಕ್ಕೂ ಹೇಳುತ್ತ ಹೋಗುತ್ತೇನೆ.

ತಯಾರಿಯ ವಿಷಯದಲ್ಲಿ ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ವೈದ್ಯರ ತಪಾಸಣೆ ಇವೆಲ್ಲ ಎಲ್ಲ ಪ್ರವಾಸಗಳಿಗೂ ಇರುವಂಥವೇ. ಸೈಕಲ್ ಪ್ರವಾಸಕ್ಕೇ ಮೀಸಲಾದ ಕೆಲಸವೆಂದರೆ ಪ್ರತಿಯೊಂದು ಸೈಕಲ್ಲನ್ನೂ ಅದರ ಸವಾರನ ಮೈಗೆ ಹೊಂದಿಸುವುದು. ನಮ್ಮ ಮಕ್ಕಳ ಬಳಿ ಇದ್ದದ್ದು ಒಂದೇ ಬಗೆಯ ಸೈಕಲ್ಲುಗಳಲ್ಲ. ಕೆಲವರದು 21 ಗೇರಿನದು, ಕೆಲವರದು ದಪ್ಪ ಟೈರಿನದು, ಒಬ್ಬಳದಂತೂ ಹಳ್ಳಿಯ ಸೋದರಮಾವನ ಮಗಳಿಗೆ ಶಾಲೆಯಲ್ಲಿ ಕೊಟ್ಟಿದ್ದ, ಮುಂದೆ ಬುಟ್ಟಿಯಿದ್ದ, ಗೇರಿಲ್ಲದ ಸೈಕಲ್ಲು. ಬಹುತೇಕ ಎಲ್ಲರೂ ಸೀಟನ್ನು ತಗ್ಗಿಸಿಟ್ಟುಕೊಂಡಿದ್ದರು. ನಿಂತಾಗ ಎರಡೂ ಕಾಲು ನೆಲಕ್ಕೆ ಊರಬೇಕೆಂಬ ಭಯ ಅದಕ್ಕೆ ಕಾರಣ. ತಗ್ಗಿದ ಸೀಟಿನಲ್ಲಿ ಮಂಡಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಹತ್ತು ಕಿಲೋಮೀಟರಿಗೆ ಅದು ಗೊತ್ತಾಗದು, ಐವತ್ತಕ್ಕೆ ನೋವಾಗಿ ಕಾಡುತ್ತದೆ. ಪೆಡಲ್ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಚೂರೇ ಬಾಗಿರುತ್ತದೆ. ಈ ಅಳತೆಯಂತೆ ಎಲ್ಲರ ಸೀಟನ್ನೂ ಏರಿಸಿ, ಜ್ಞಾನಭಾರತಿ ಆವರಣದ ಮರಗಳ ನಡುವಿನ ರಸ್ತೆಗಳಲ್ಲಿ ಭಾನುವಾರ ಭಾನುವಾರ ಅಭ್ಯಾಸ ಮಾಡಿಸಿದೆವು. ಜೀವಶಾಸ್ತ್ರದ ಮೇಡಂ ಇನ್ನೊಂದು ಕೆಲಸ ಮಾಡಿದ್ದರು. ಮದ್ದೂರಿನವರೆಗಿನ ದಾರಿಯಲ್ಲಿ ಹೆಣ್ಣುಮಕ್ಕಳು ಬಳಸಬಹುದಾದ ಶೌಚಾಲಯಗಳು ಎಲ್ಲೆಲ್ಲಿವೆ ಎಂದು ಕಾರಿನಲ್ಲಿ ಹೋಗಿ, ಇಳಿದು, ನೋಡಿ ಪಟ್ಟಿ ಮಾಡಿಕೊಂಡು ಬಂದಿದ್ದರು. ನಾವು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಿದ್ದು ಆ ಪಟ್ಟಿಯೇ. ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಅಳುಕಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಬಿಸಿಲಿನಲ್ಲಿ ಸೈಕಲ್ ತುಳಿಯುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಬೆಳಗಿನ ಆರು ಗಂಟೆಗೆ ದೊಡ್ಡ ಬಸವಣ್ಣನ ಗುಡಿಯ ಮುಂದೆ ಸೇರಿದೆವು. ಡಿಸೆಂಬರಿನಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ. ಸೂರ್ಯ ಹುಟ್ಟುವುದು ಆರೂವರೆಯ ಮೇಲೆ. ಎಲ್ಲ ಸೈಕಲ್ಲುಗಳಿಗೂ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಎಲ್ಲರಿಗೂ ಹೆಲ್ಮೆಟ್ಟು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ಟು. ಅಲ್ಲಿಂದಲೇ ಹೊರಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ವೃಷಭಾವತಿಯ ಒಂದು ಮೂಲ ಈ ಬಸವಣ್ಣನ ಪಾದದ ಬಳಿಯೇ ಎಂಬುದು ನಂಬಿಕೆ. ಹೆಸರೂ ಅದರಿಂದಲೇ ಬಂದದ್ದು. ಆ ಹೊಳೆ ಹರಿದ ದಿಕ್ಕಿನಲ್ಲೇ ನಾವೂ ಹೋಗಲಿದ್ದೆವು. ಬೆಂಗಳೂರು ಒಂದು ದಿಬ್ಬದ ನೆತ್ತಿಯ ಮೇಲಿದೆ, ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿಯಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ ಎಂದು ತರಗತಿಯಲ್ಲಿ ನಕ್ಷೆ ಬಿಡಿಸಿ ಹೇಳುತ್ತೇನೆ. ಬಸವನಗುಡಿ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಮದ್ದೂರು 660 ಮೀಟರಿನ ಆಸುಪಾಸಿನಲ್ಲಿ. ಈ ಇಳಿಜಾರನ್ನು ಮಕ್ಕಳು ಸ್ವಂತ ಕಾಲಿನಿಂದ ತಿಳಿಯಲಿ ಎಂಬುದು ನನ್ನ ಆಸೆಯಾಗಿತ್ತು.

ಹೊರಡುವ ಮೊದಲು ಸಾಲು ಕಟ್ಟಿದೆವು. 22 ಮಂದಿಯನ್ನು ಒಂದೇ ಸಾಲಿನಲ್ಲಿ ಬಿಟ್ಟರೆ ಹಿಂದಿನ ಬಸ್ಸಿಗೆ ದಾಟಲು ಜಾಗವಾಗುವುದಿಲ್ಲ. ಅರ್ಧ ದಾಟಿದ ಬಸ್ಸು ಎದುರಿನ ವಾಹನ ಕಂಡು ಎಡಕ್ಕೆ ಎಳೆದುಕೊಂಡರೆ ಮಕ್ಕಳ ಮೇಲೇ ಬರುತ್ತದೆ. ಹಾಗಾಗಿ ಏಳೆಂಟು ಮಂದಿಯ ಮೂರು ತಂಡ, ತಂಡಗಳ ನಡುವೆ ಒಂದು ಬಸ್ಸು ಆರಾಮವಾಗಿ ನುಗ್ಗಿ ನಿಲ್ಲುವಷ್ಟು ತೆರಪು. ಪ್ರತಿ ತಂಡದಲ್ಲೂ ಮುಂದಾಳು ಒಬ್ಬ, ಬಾಲದವನು ಒಬ್ಬ, ಇಬ್ಬರ ಕೊರಳಲ್ಲೂ ಸೀಟಿ. ಮುಂದಾಳಿನ ಬೆನ್ನಿಗೆ ತಂಡದಲ್ಲಿ ಅತ್ಯಂತ ನಿಧಾನವಾಗಿ ತುಳಿಯುವವರು ಇರಬೇಕು, ಬಲವಾದವರು ಹಿಂದೆ. ಇದು ಕೇಳಿದ ಕೂಡಲೇ ಚುರುಕಾದ ಹುಡುಗರ ಮುಖ ಸಣ್ಣಗಾಯಿತು. “ಸರ್, ನಾವು ಮುಂದೆ ಹೋಗಿ ಬಿಡದೀಲಿ ಕಾಯ್ತಾ ಇರ್ತೀವಿ” ಎಂದು ಒಬ್ಬ ಕೇಳಿಯೇಬಿಟ್ಟ. ಅವನಿಗೆ ಲೆಕ್ಕ ಬಿಡಿಸಿ ತೋರಿಸಿದೆ. ಮೊದಲು ಹೋದವನು ಬಿಡದಿಯಲ್ಲಿ ಅರ್ಧ ಗಂಟೆ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಕೊನೆಯವಳು ಏದುಸಿರು ಬಿಡುತ್ತ ಬಂದು ಮುಟ್ಟಿದಾಗ ಉಳಿದವರೆಲ್ಲ ಹೊರಡಲು ಎದ್ದು ನಿಂತಿರುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ ಸಿಕ್ಕಂತಾಯಿತಲ್ಲ? ಆದ್ದರಿಂದ ನಮ್ಮಲ್ಲಿ ವಿಶ್ರಾಂತಿಯ ಗಡಿಯಾರ ಶುರುವಾಗುವುದು ಕೊನೆಯ ಸೈಕಲ್ಲಿನ ಸ್ಟ್ಯಾಂಡು ನೆಲಕ್ಕೆ ಊರಿದ ಮೇಲೆ ಎಂದು ಗೊತ್ತುಮಾಡಿದೆವು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರನೆಯ ತಂಡದ ಬಾಲಕ್ಕೆ ತಾನೇ ಹೋಗಿ ನಿಂತ.

ಹನುಮಂತನಗರ, ಹೊಸಕೆರೆಹಳ್ಳಿ ದಾಟಿ ನಾಯಂಡಹಳ್ಳಿಗೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಹಾಲಿನ ವ್ಯಾನು, ಪೇಪರಿನ ಹುಡುಗರು, ಕಾರ್ಖಾನೆಗಳ ಬಸ್ಸು ಬಿಟ್ಟರೆ ರಸ್ತೆಯಲ್ಲಿ ಹೆಚ್ಚು ಸಂಚಾರವಿರಲಿಲ್ಲ. ಮೈಸೂರು ರಸ್ತೆಗೆ ಸೇರಿದ ಮೇಲೆ ನೆತ್ತಿಯ ಮೇಲೆ ನೇರಳೆ ಮಾರ್ಗದ ಮೆಟ್ರೊ, ಪಕ್ಕದಲ್ಲಿ ವೃಷಭಾವತಿ. ಹೊಳೆ ಕಾಣುವ ಮೊದಲೇ ವಾಸನೆ ಬಂತು. ಕಪ್ಪು ನೀರು, ಅದರ ಮೇಲೆ ತೇಲುವ ಬಿಳಿ ನೊರೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಹೊಳೆ ಎರಡು ನಿಮಿಷದ ಕಿರಿಕಿರಿ. ಸೈಕಲ್ಲಿನವರು ಕೆಂಗೇರಿಯವರೆಗೂ ಅದರ ಜೊತೆಯಲ್ಲೇ ಉಸಿರಾಡಬೇಕು. ಬಸವಣ್ಣನ ಪಾದದಲ್ಲಿ ಕೈಮುಗಿದು ಬಂದ ಮಕ್ಕಳು ಅದೇ ಹೊಳೆಯನ್ನು ಈ ಸ್ಥಿತಿಯಲ್ಲಿ ನೋಡಿ ಮೂಗು ಮುಚ್ಚಿಕೊಂಡದ್ದನ್ನು ಹಿಂದಿನಿಂದ ನೋಡುತ್ತಿದ್ದೆ. ನಾನು ಏನೂ ಹೇಳಲು ಹೋಗಲಿಲ್ಲ. ಕೆಂಗೇರಿಯಲ್ಲಿ ನೀರು ಕುಡಿಯಲು ನಿಂತಾಗ ಒಬ್ಬಳು ಬಂದು, “ಸರ್, ನಮ್ಮನೆ ನೀರೂ ಇದಕ್ಕೇ ಬರುತ್ತಾ?” ಎಂದು ಕೇಳಿದಳು. ಅವಳ ಮನೆ ಬೆಂಗಳೂರಿನ ಶ್ರೀನಗರ ಬಡಾವಣೆಯಲ್ಲಿ. ಬರುತ್ತದೆ ಎಂದೆ.

ನಗರದ ಈ ಹದಿನೈದು ಕಿಲೋಮೀಟರಿನಲ್ಲಿ ನಮಗೆ ಹೆಚ್ಚು ಕೆಲಸ ಕೊಟ್ಟದ್ದು ಹಂಪ್ಸುಗಳು. ಹಂಪ್ಸಿನ ಬಳಿ ಮುಂದಾಳು ವೇಗ ತಗ್ಗಿಸುತ್ತಾನೆ, ದಾಟಿದ ಕೂಡಲೇ ಮೊದಲಿನ ವೇಗಕ್ಕೆ ಬರುತ್ತಾನೆ. ಅವನು ವೇಗ ಹಿಡಿಯುವ ಹೊತ್ತಿಗೆ ಎರಡನೆಯವಳು ಹಂಪ್ಸಿನ ಮೇಲೆ, ಮೂರನೆಯವನು ಬ್ರೇಕು ಹಿಡಿದು ಅದರ ಮುಂದೆ. ಎಂಟನೆಯವನು ಅಲ್ಲಿಗೆ ಬರುವಾಗ ಬಹುತೇಕ ನಿಂತೇ ಹೋಗಿರುತ್ತಾನೆ, ಮತ್ತು ದಾಟಿದ ಮೇಲೆ ಮುಂದಿನವರನ್ನು ಹಿಡಿಯಲು ಮೈಮೇಲೆ ಬಂದವನಂತೆ ತುಳಿಯಬೇಕಾಗುತ್ತದೆ. ಮುಂದಾಳಿಗೆ ಇದು ತಿಳಿಯುವುದೇ ಇಲ್ಲ; ಅವನ ಮಟ್ಟಿಗೆ ತಾನು ಒಂದೇ ವೇಗದಲ್ಲಿ, ಗಂಟೆಗೆ 15 ಕಿಲೋಮೀಟರಿನಲ್ಲಿ, ಶಿಸ್ತಾಗಿ ಹೋಗುತ್ತಿದ್ದಾನೆ. ಸಾಲಿನ ಬಾಲ ಮಾತ್ರ ರಬ್ಬರಿನಂತೆ ಹಿಗ್ಗಿ ಕುಗ್ಗಿ ಸುಸ್ತಾಗುತ್ತಿರುತ್ತದೆ. ಇದಕ್ಕೆ ಪರಿಹಾರ ಸರಳವಾದದ್ದು. ಹಂಪ್ಸು, ಸಿಗ್ನಲ್ಲು, ತಿರುವು ಯಾವುದನ್ನೇ ದಾಟಿದರೂ ಮುಂದಾಳು ಬಾಲದವನ ಸೀಟಿ ಕೇಳುವವರೆಗೆ ನಡಿಗೆಯ ವೇಗದಲ್ಲೇ ಸಾಗಬೇಕು, ಸೀಟಿ ಕೇಳಿದ ಮೇಲೆ ಮೆಲ್ಲನೆ ವೇಗ ಹೆಚ್ಚಿಸಬೇಕು. ಕೆಂಗೇರಿಯವರೆಗೆ ಇದನ್ನು ಮತ್ತೆ ಮತ್ತೆ ನೆನಪಿಸಬೇಕಾಯಿತು. ಕುಂಬಳಗೋಡಿನ ಮೇಲ್ಸೇತುವೆಯ ಕೆಳಗಿನ ಸರ್ವಿಸ್ ರಸ್ತೆಗೆ ಬರುವಷ್ಟರಲ್ಲಿ ರೂಢಿಯಾಗಿತ್ತು. “ಗುಂಡಿ”, “ಹಂಪ್ಸ್”, “ಹಿಂದೆ ಬಸ್ಸು” ಎಂಬ ಕೂಗು ಒಬ್ಬರಿಂದ ಒಬ್ಬರಿಗೆ ದಾಟುವುದೂ ಆಗ ಸರಿಯಾಗಿ ಕುದುರಿತು.

ಬಿಡದಿಗೆ ಮುಟ್ಟಿದಾಗ ಒಂಬತ್ತು ಗಂಟೆ ದಾಟಿತ್ತು. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗುವುದುಂಟೆ? ಬೆಣ್ಣೆಯ ಮುದ್ದೆ ಇಟ್ಟ ಬಿಸಿ ಇಡ್ಲಿ, ಕೆಂಪು ಚಟ್ನಿ. ಎರಡಕ್ಕಿಂತ ಹೆಚ್ಚು ಬೇಡ ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಹೊಟ್ಟೆ ಬಿರಿಯ ತಿಂದು ತುಳಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಏನೂ ತಿನ್ನದೆ ಬಂದರೆ ಹನ್ನೊಂದರ ಹೊತ್ತಿಗೆ ಕಣ್ಣು ಕತ್ತಲಿಡುತ್ತದೆ. ಎರಡು ಇಡ್ಲಿ, ಮುಂದೆ ಗಂಟೆಗೊಮ್ಮೆ ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು: ದಿನವಿಡೀ ನಮ್ಮ ಕ್ರಮ ಇದೇ. ಪ್ರತಿ ಸೈಕಲ್ಲಿನಲ್ಲೂ ಎರಡು ಬಾಟಲಿ. ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರು.

ಬಿಡದಿಯ ಆಚೆ ಪಂಕ್ಚರ್ ಆಯಿತು. ಆ ಅರ್ಧ ಗಂಟೆಯನ್ನು ವಿವರವಾಗಿ ಹೇಳಬೇಕು. ಬುಟ್ಟಿಯ ಸೈಕಲ್ಲಿನ ಹುಡುಗಿಯ ಹಿಂದಿನ ಚಕ್ರದಿಂದ ಗಾಳಿ ಇಳಿಯಿತು. ಟೆಂಪೊ ಮುಂದೆ ಹೋಗಿತ್ತು, ಮೆಕ್ಯಾನಿಕ್ಕನ್ನು ಫೋನು ಮಾಡಿ ಕರೆಯುವುದು ಕಷ್ಟವೇನಿರಲಿಲ್ಲ. ಆದರೆ ಅವಳು, “ಸರ್, ನಾನೇ ಹಾಕ್ತೀನಿ, ಅಪ್ಪ ಹೇಳ್ಕೊಟ್ಟಿದ್ದಾರೆ” ಎಂದಳು. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಚಕ್ರ ಬಿಚ್ಚದೆಯೇ ಟೈರಿನ ಅಂಚಿಗೆ ಎರಡು ಲಿವರ್ ಕೊಟ್ಟು, ಒಂದು ಮಗ್ಗುಲನ್ನು ರಿಮ್ಮಿನಿಂದ ಹೊರಗೆಳೆದು, ಟ್ಯೂಬನ್ನು ಈಚೆ ತೆಗೆದಳು. ಪಕ್ಕದ ಟೀ ಅಂಗಡಿಯವರು ಲೋಟ ತೊಳೆಯುವ ಬಕೆಟ್ಟನ್ನೇ ತಂದಿಟ್ಟರು. ಗಾಳಿ ತುಂಬಿದ ಟ್ಯೂಬನ್ನು ಗೇಣು ಗೇಣಾಗಿ ನೀರಿನಲ್ಲಿ ಅದ್ದುತ್ತ ಹೋದಾಗ ಒಂದು ಕಡೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲಿ ಉಗುರಿನಿಂದ ಗುರುತು ಮಾಡಿ, ತನ್ನ ದುಪಟ್ಟಾದ ಅಂಚಿನಿಂದ ಒರೆಸಿ, ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸೊಲ್ಯೂಷನ್ ಹಚ್ಚಿದಳು. ಸುತ್ತ ನಿಂತಿದ್ದವರು ಪ್ಯಾಚು ಅಂಟಿಸು ಎಂದು ಅವಸರ ಮಾಡಿದರೂ ಅವಳು ಅಂಟಿಸಲಿಲ್ಲ. ಸೊಲ್ಯೂಷನ್ ಆರಿ ಬೆರಳಿಗೆ ಜಿಗುಟಾಗಿ ಹತ್ತುವವರೆಗೆ ಊದುತ್ತ ಕುಳಿತಳು. ಪ್ಯಾಚು ಹಾಕಿ ಹೆಬ್ಬೆರಳಿನಿಂದ ಒತ್ತಿ ಹಿಡಿದಾದ ಮೇಲೆ, ಟ್ಯೂಬನ್ನು ಒಳಗಿಡುವ ಮುಂಚೆ, ಟೈರಿನ ಒಳಮೈಯಲ್ಲಿ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿದಳು. ಸಿಕ್ಕಿತು. ಜಾಲಿ ಮುಳ್ಳಿನ ತುದಿ ಟೈರನ್ನು ತೂರಿ ಒಳಗೆ ಅಕ್ಕಿಕಾಳಿನ ಅರ್ಧದಷ್ಟು ಇಣುಕಿತ್ತು. ಅದನ್ನು ಬಿಟ್ಟು ಟೈರು ಮುಚ್ಚಿದ್ದರೆ ನೂರು ಮೀಟರಿನೊಳಗೆ ಮತ್ತೆ ಪಂಕ್ಚರ್ ಆಗುತ್ತಿತ್ತು. ಪಂಪು ಹೊಡೆಯುವ ಕೆಲಸವನ್ನು ಬಿಡದಿಗೆ ಮುಂದೆ ಹೋಗಬೇಕೆಂದಿದ್ದ ಹುಡುಗ ಕೇಳಿ ತೆಗೆದುಕೊಂಡ. ಅವಳ ತಂದೆ ನಮ್ಮ ನಗರದಲ್ಲಿ ಆಟೋ ಓಡಿಸುತ್ತಾರೆ. ಅಂದು ಮಧ್ಯಾಹ್ನದ ಹೊತ್ತಿಗೆ ಅವಳ ಬಳಿ ಪಂಕ್ಚರ್ ಹಾಕುವುದನ್ನು ಕಲಿಯಲು ಐದಾರು ಮಂದಿ ಹೆಸರು ಕೊಟ್ಟಿದ್ದರು.

ರಾಮನಗರ ಹತ್ತಿರವಾದಂತೆ ಬಂಡೆಗಳು ಎದ್ದುನಿಂತವು. ಲಾಲ್‌ಬಾಗಿನ ಬಂಡೆಯನ್ನು ಎಲ್ಲರೂ ಹತ್ತಿದವರೇ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಇಲ್ಲಿಯದು ಸುಮಾರು 250 ಕೋಟಿ ವರ್ಷಗಳ ಗ್ರಾನೈಟು, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಏಕೆಂದರೆ ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಕಲ್ಲಿನ ಬಣ್ಣ ಬದಲಾದದ್ದನ್ನು ರಸ್ತೆ ಬದಿಯ ಬೇಲಿಗಲ್ಲುಗಳಲ್ಲೇ ಗುರುತಿಸಿದವರೂ ಇದ್ದರು. ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ಹೋಗುವವರ ಕಣ್ಣಿಗೆ ಬೀಳುವಂಥ ವಿವರ ಇದು. ಅರ್ಕಾವತಿಯ ಸೇತುವೆಯ ಮೇಲೆ ನಿಲ್ಲಲು ಬಿಡಲಿಲ್ಲ. ಸೇತುವೆಯ ಮೇಲೆ ಅಂಚು ಕಿರಿದು. ನಿಂತು ನೋಡುವ ಆಸೆಯನ್ನು ದಾಟಿದ ಮೇಲೆ ತೀರಿಸಿಕೊಳ್ಳಬೇಕು.

ಊಟ ಜಾನಪದ ಲೋಕದ ಬಳಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಲೋಕವನ್ನು ಪೂರ್ತಿ ನೋಡಲು ಒಂದು ದಿನವಾದರೂ ಬೇಕು. ನಾವು ಟೆಂಪೊದಲ್ಲಿ ತಂದಿದ್ದ ಚಿತ್ರಾನ್ನ, ಮೊಸರನ್ನ ತಿಂದು, ಒಂದು ಗಂಟೆ ಮರದ ನೆರಳಿನಲ್ಲಿ ಮಲಗಲು ಮೀಸಲಿಟ್ಟೆವು. ನಡುಮಧ್ಯಾಹ್ನ ಮಕ್ಕಳನ್ನು ಬಿಸಿಲಿನಲ್ಲಿ ತುಳಿಸಬಾರದೆಂಬ ನಿಯಮವನ್ನು ನಾನು ಯಾವ ನೋಟಕ್ಕೂ ಬಿಟ್ಟುಕೊಡುವುದಿಲ್ಲ.

ಚನ್ನಪಟ್ಟಣದಲ್ಲಿ ಒಂದು ಗೊಂಬೆ ಕಾರ್ಖಾನೆಯೊಳಗೆ ಹದಿನೈದು ನಿಮಿಷ ನಿಂತೆವು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿಯಿಂದ ಒತ್ತಿ ಸವರಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಬೆಂಕಿಯಿಲ್ಲದೆ ಅರಗು ಹೇಗೆ ಕರಗಿತು ಎಂದು ಕುಶಲಕರ್ಮಿ ಯಜಮಾನರೇ ಮಕ್ಕಳನ್ನು ಕೇಳಿದರು. ಆಗ ನನಗೆ ಬೇಕಾಗಿದ್ದ ಮಾತು ತಾನಾಗಿ ಬಂತು. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕು ಹಿಡಿದುಕೊಂಡೇ ಇಳಿದರೆ ರಿಮ್ಮು ಕಾಯುವುದು ಇದೇ ಕಾರಣಕ್ಕೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು, ಎರಡೂ ಬ್ರೇಕು ಬಳಸಬೇಕು, ಮುಂದಿನದನ್ನೊಂದನ್ನೇ ಜೋರಾಗಿ ಹಿಡಿದರೆ ಸವಾರ ಮುಗ್ಗರಿಸುತ್ತಾನೆ. ಬೆಂಗಳೂರಿನಿಂದ ಈ ಕಡೆಗೆ ಒಟ್ಟಾರೆ ಇಳಿಜಾರೇ ಆದರೂ ದಾರಿ ಏರಿಳಿಯುತ್ತಲೇ ಸಾಗುತ್ತದೆ. ಏರಿನಲ್ಲಿ ಮಕ್ಕಳು ತಾವಾಗಿಯೇ ಎಚ್ಚರವಾಗಿರುತ್ತಾರೆ. ಅವರು ಮೈಮರೆಯುವುದು ಇಳಿಯುವಾಗ, ಮುಖಕ್ಕೆ ತಂಪು ಗಾಳಿ ಹೊಡೆಯುವ ಆ ಖುಷಿಯಲ್ಲಿ. ಇಳಿಜಾರು ಬಂದರೆ ಸೈಕಲ್ಲುಗಳ ನಡುವಿನ ಅಂತರ ಎರಡು ಪಟ್ಟಾಗಬೇಕೆಂದು ಅಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು.

ಕಣ್ವಾ ಹೊಳೆ ದಾಟಿದ ಮೇಲೆ ಒಂದು ಕಡೆ ಸರ್ವಿಸ್ ರಸ್ತೆಯ ಅರ್ಧ ಅಗಲಕ್ಕೆ ಹುರುಳಿ ಹರಡಿದ್ದರು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳನ್ನು ರಸ್ತೆಗೆ ಹಾಸಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದು ಈ ಕಡೆ ವಾಡಿಕೆ. ಕಾರಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಸೈಕಲ್ಲಿನ ಟೈರು ಮಾತ್ರ ಕಾಳಿನ ಮೇಲೆ ಜಾರುತ್ತದೆ, ಬಳ್ಳಿ ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡರೆ ಚಕ್ರ ಗಕ್ಕನೆ ನಿಲ್ಲುತ್ತದೆ. ಮುಂದಾಳು ಕೈಯೆತ್ತಿ ಎಲ್ಲರನ್ನೂ ಇಳಿಸಿ, ಸೈಕಲ್ಲುಗಳನ್ನು ತಳ್ಳಿಕೊಂಡು ಪಕ್ಕದಲ್ಲಿ ನಡೆಸಿದ. ಹೊಟ್ಟು ತೂರುತ್ತಿದ್ದ ಅಜ್ಜಿಯೊಬ್ಬರು ಮೊರ ಕೆಳಗಿಟ್ಟು, “ಯಾವೂರ್ ಮಕ್ಳಪ್ಪಾ ನೀವು? ಬೆಂಗ್ಳೂರಿಂದ ತುಳ್ಕೊಂಡೇ ಬಂದ್ರಾ?” ಎಂದು ಕೇಳಿದರು. ಹೌದಜ್ಜಿ ಎಂದದ್ದಕ್ಕೆ, “ಕಾಳಿನ್ ಮೇಲೆ ತುಳೀದೆ ಇಳ್ದು ನಡ್ದ್ರಲ್ಲ, ಒಳ್ಳೇ ಮಕ್ಳು” ಎಂದು ಹರಸಿದರು.

ಕೊನೆಯಲ್ಲಿರುವವನಿಗೆ ಎಲ್ಲರ ಬೆನ್ನೂ ಕಾಣುತ್ತದೆ. ನಿಡಘಟ್ಟದ ಹತ್ತಿರ ಅದು ನಿಜವಾಗಿ ಉಪಯೋಗಕ್ಕೆ ಬಂತು. ಎರಡನೆಯ ತಂಡದ ಹುಡುಗಿಯೊಬ್ಬಳ ಭುಜಗಳು ಪ್ರತಿ ತುಳಿತಕ್ಕೂ ಎಡಕ್ಕೆ ಬಲಕ್ಕೆ ತೂಗಾಡತೊಡಗಿದ್ದವು. ದಣಿದ ಕಾಲು ತನ್ನ ಕೆಲಸವನ್ನು ಮೈಗೆ ದಾಟಿಸುವ ಲಕ್ಷಣ ಅದು. ಬೆಳಗಿನಿಂದ ಅವಳ ಉಪ್ಪುಸಕ್ಕರೆಯ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ಸೀಟಿ ಊದಿ ನಿಲ್ಲಿಸುವಷ್ಟರಲ್ಲಿ ಅವಳ ಮೀನಖಂಡ ಹಿಡಿದುಕೊಂಡಿತು. ಮೇಡಂ ಅವಳನ್ನು ಕೂರಿಸಿ, ಕಾಲು ನೀಡಿಸಿ, ಪಾದವನ್ನು ಮೊಣಕಾಲಿನ ಕಡೆಗೆ ಬಾಗಿಸಿ ಹಿಡಿದರು. ನೋವು ಇಳಿದ ಮೇಲೆ ಟೆಂಪೊ ಹತ್ತು ಎಂದರೆ ಅವಳ ಕಣ್ಣಲ್ಲಿ ನೀರು. ಟೆಂಪೊ ಹತ್ತುವುದು ಸೋಲಲ್ಲ ಎಂದು ಹೊರಡುವ ಮೊದಲೇ ಎಲ್ಲರಿಗೂ ಹೇಳಿದ್ದೆವು. ಆದರೂ ಆ ವಯಸ್ಸಿಗೆ ಅದು ಸುಲಭವಾಗಿ ಇಳಿಯುವ ಮಾತಲ್ಲ. ಅವಳೊಂದಿಗೆ ಬಲವಂತ ಮಾಡದೆ ಎಲ್ಲರೂ ಅಲ್ಲೇ ಅರ್ಧ ಗಂಟೆ ಕುಳಿತೆವು. ಅವಳು ನಿಧಾನವಾಗಿ ಅರ್ಧ ಲೀಟರಿನಷ್ಟು ಕುಡಿದಳು, ಎದ್ದು ನಡೆದು ನೋಡಿದಳು, ಐದಾರು ಕಿಲೋಮೀಟರ್ ಟೆಂಪೊದಲ್ಲಿ ಬರುತ್ತೇನೆ, ಕೊನೆಯದನ್ನು ತುಳಿಯುತ್ತೇನೆ ಎಂದು ತಾನೇ ತೀರ್ಮಾನ ಹೇಳಿದಳು. ಹಾಗೆಯೇ ಮಾಡಿದಳು. ದಿನಕ್ಕೆ ಎಷ್ಟು ದೂರ ಎಂಬ ಹಟವನ್ನು ಸಂಘಟಕರು ಮೊದಲು ಬಿಟ್ಟರೆ ಮಾತ್ರ ಮಕ್ಕಳು ತಮ್ಮ ಮೈಯ ಮಾತು ಕೇಳುತ್ತಾರೆ.

ಕೊನೆಯ ಹಂತದಲ್ಲಿ ಚಳಿಗಾಲದ ಮೂಡುಗಾಳಿ ನಮ್ಮ ಬೆನ್ನಿಗಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸರ್ವಿಸ್ ರಸ್ತೆಯಲ್ಲಿ ನಮ್ಮಷ್ಟೇ ನಿಧಾನವಾಗಿ ಹೋಗುತ್ತಿದ್ದವು. ಕಬ್ಬಿನ ಜಲ್ಲೆಗಳು ಎರಡೂ ಕಡೆ ಹೊರಚಾಚಿರುವುದರಿಂದ ಅವುಗಳ ಪಕ್ಕಕ್ಕೆ ಹೋಗದೆ, ಹಿಂದೆಯೇ ದೂರ ಬಿಟ್ಟು ಸಾಗಿದೆವು. ನಾಲ್ಕೂವರೆಯ ಸುಮಾರಿಗೆ ಮದ್ದೂರಿನ ಶಿಂಷಾ ಸೇತುವೆ. ವೃಷಭಾವತಿ, ಅರ್ಕಾವತಿ, ಕಣ್ವಾ, ಶಿಂಷಾ: ಎಲ್ಲವೂ ಕೊನೆಗೆ ಕಾವೇರಿಗೇ ಸೇರುವ ನೀರು. ಇದೇ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡುತ್ತಾರೆ ಎಂದು ಅಂದು ಸಂಜೆ ಹೇಳಿದಾಗ, ಮರುದಿನಗಳ ಏರನ್ನು ನೆನೆದು ಮಕ್ಕಳು ಹೋ ಎಂದರು. ಪುಸ್ತಕದ ಒಂದು ಸಂಖ್ಯೆಗೆ ತರಗತಿಯಲ್ಲಿ ಇಂಥ ಪ್ರತಿಕ್ರಿಯೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ತಂಗಿದ್ದು ಒಂದು ಕಲ್ಯಾಣ ಮಂಟಪದಲ್ಲಿ. ಬಂದ ಕೂಡಲೇ ಮಲಗಲು ಯಾರಿಗೂ ಅವಕಾಶವಿಲ್ಲ. ಮೊದಲು ಸೈಕಲ್ಲುಗಳ ಎಣಿಕೆ, ಆಮೇಲೆ ಪ್ರತಿಯೊಬ್ಬರೂ ತಮ್ಮ ಬ್ರೇಕು, ಟೈರು, ಚೈನು ನೋಡಿ ಮೆಕ್ಯಾನಿಕ್ಕಿಗೆ ಒಪ್ಪಿಸುವುದು, ಕೈಕಾಲು ಚಾಚುವ ವ್ಯಾಯಾಮ, ಮನೆಗೆ ಫೋನು. ಇಷ್ಟಾದ ಮೇಲೆ ಮದ್ದೂರು ವಡೆ ಬಂತು. ಈರುಳ್ಳಿಯ ಘಮದ, ಅಂಚು ಗರಿಗರಿಯಾದ ಆ ವಡೆಗೆ ಮೇಡಂ ಯಾವ ಮಿತಿಯನ್ನೂ ಹಾಕಲಿಲ್ಲ. ಊಟದ ನಂತರ ಮರುದಿನದ ಸಾಲು ನಿಗದಿಯಾಯಿತು. ಶ್ರೀರಂಗಪಟ್ಟಣಕ್ಕೆ ಸುಮಾರು 45 ಕಿಲೋಮೀಟರ್, ಹೊರಡುವುದು ಏಳು ಗಂಟೆಗೆ, ಮೀನಖಂಡ ಹಿಡಿದಿದ್ದವಳು ಮೊದಲ ತಂಡದಲ್ಲಿ ಮುಂದಾಳಿನ ಬೆನ್ನಿಗೆ. ಸೀಟಿ ಹಿಡಿದು ತಂಡಗಳ ಬಾಲದಲ್ಲಿರಲು ಮೂರು ಮಂದಿ ಸಾಕಾಗಿತ್ತು, ಕೈಯೆತ್ತಿದವರು ಒಂಬತ್ತು. ಮಂಡ್ಯದವರೆಗೆ ಮೂವರು, ಮಂಡ್ಯದಿಂದ ಪಾಂಡವಪುರದ ತಿರುವಿನವರೆಗೆ ಮೂವರು, ಅಲ್ಲಿಂದ ಮುಂದಕ್ಕೆ ಮೂವರು ಎಂದು ಹಂಚಿಕೊಟ್ಟು ದೀಪ ಆರಿಸಿದೆವು.